ಪಾಠಶಾಲೆಯೂ ಯಂತ್ರಬುದ್ಧಿಯೂ

ಓದುವ ಮಕ್ಕಳಿರತಕ್ಕ ಮನೆಗಳಲ್ಲಿ ಈಚೆಗೆ ಒಂದು ಚರ್ಚೆ ತಪ್ಪದೆ ನಡೆಯುತ್ತಿದೆ. ಶಾಲೆ ಕಾಲೇಜುಗಳಿಗೆ ಯಂತ್ರಬುದ್ಧಿ ಬರುತ್ತಲಿದೆಯಷ್ಟೆ; ಅದರಿಂದ ಒಳ್ಳೆಯದಾಗುವುದೋ ಕೆಡುಕಾಗುವುದೋ ಎಂಬುದೇ ಆ ಚರ್ಚೆ. ಒಂದು ಪಕ್ಷದವರಿಗೆ ಅದು ಕಾಮಧೇನು: ಹಾಜರಿ, ಲೆಕ್ಕ, ಪಾಠ, ಪರೀಕ್ಷೆ ಎಲ್ಲವನ್ನೂ ಅದೊಂದರಿಂದಲೇ ಕರೆದುಕೊಳ್ಳಬಹುದೆಂದು ಅವರು ನಂಬಿದ್ದಾರೆ. ಇನ್ನೊಂದು ಪಕ್ಷದವರಿಗೆ ಅದು ಭಸ್ಮಾಸುರ: ವರ ಕೊಟ್ಟವರ ತಲೆಯ ಮೇಲೆಯೇ ಕೈಯಿಡುವುದೆಂದು ಅವರಿಗೆ ಭೀತಿ. ಮೂವತ್ತೈದು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಸಂಸ್ಕೃತಗಳನ್ನು ಹೇಳಿಕೊಟ್ಟು ಈಗ ನಿವೃತ್ತನಾಗಿರುವ ನನ್ನನ್ನು, ಸಂಜೆ ಜಗಲಿಗೆ ಬರುವ ಮಿತ್ರರು ಎರಡು ಪಕ್ಷಕ್ಕೂ ಎಳೆಯುತ್ತಾರೆ. ನನಗಾದರೋ, ವಾದಿ ಪ್ರತಿವಾದಿಗಳಿಬ್ಬರೂ ಶಾಲೆಯ ಒಳಗನ್ನು ಸರಿಯಾಗಿ ನೋಡಿಲ್ಲವೆಂದು ತೋರುತ್ತದೆ. ಆದುದರಿಂದ ನಾನು ಕಂಡದ್ದನ್ನೂ ಓದಿ ತಿಳಿದದ್ದನ್ನೂ ವಾಚಕರ ಮುಂದಿಡುತ್ತೇನೆ.

ಮೊದಲು ಹೆಸರಿನ ಮಾತು. ಪತ್ರಿಕೆಗಳು ಇದನ್ನು ಕೃತಕ ಬುದ್ಧಿಮತ್ತೆಯೆಂದು ಬರೆಯುತ್ತವೆ. ಮಕ್ಕಳು ಎಐ ಎನ್ನುತ್ತಾರೆ. 'ಕೃತಕ' ಎಂಬ ಶಬ್ದವು ಕನ್ನಡದಲ್ಲಿ ಸುಳ್ಳು, ನಟನೆ ಎಂಬ ಅರ್ಥಕ್ಕೆ ಇಳಿದುಬಿಟ್ಟಿದೆ. ಸಂಸ್ಕೃತದಲ್ಲಿ ಅದಕ್ಕೆ 'ಮಾಡಲ್ಪಟ್ಟದ್ದು' ಎಂಬುದೇ ಮೂಲಾರ್ಥ. ಮಗನಂತೆ ಸಾಕಿ ಬೆಳೆಸಿಕೊಂಡವನಿಗೂ ಆ ವಿಶೇಷಣವನ್ನು ಹೇಳುವುದುಂಟು. ಈ ಅರ್ಥವೇ ಯಂತ್ರಕ್ಕೆ ಚೆನ್ನಾಗಿ ಒಪ್ಪುತ್ತದೆಂದು ನನ್ನ ಅಭಿಪ್ರಾಯ. ಸಾಕುಮಗನು ತಾನು ಬೆಳೆದ ಮನೆಯ ನಡೆನುಡಿಗಳನ್ನು ಕಲಿಯುವ ಹಾಗೆ, ಈ ಯಂತ್ರವೂ ತನಗೆ ಉಣಿಸಿದ ಬರಹಗಳಿಂದಲೂ ಅಂಕಿಗಳಿಂದಲೂ ಕಲಿಯುತ್ತದೆ. ಹಿಂದೆ ಯಾವ ಮಾತಿನ ಬಳಿಕ ಯಾವ ಮಾತು ಬಂದಿದೆ, ಯಾವ ಲಕ್ಷಣವಿದ್ದ ವಿದ್ಯಾರ್ಥಿಯು ಮುಂದೆ ಏನಾದನು ಎಂಬುದನ್ನು ಲಕ್ಷಾಂತರ ನಿದರ್ಶನಗಳಲ್ಲಿ ನೋಡಿ, ಈಗ ಎದುರಿಗಿರುವುದು ಬಹುಶಃ ಹೀಗಾದೀತೆಂದು ಊಹಿಸುತ್ತದೆ. ಊಹೆ ಬಹಳ ಸಲ ಸರಿಯಾಗಿಯೇ ಇರುತ್ತದೆ. ಆದರೂ ಅದು ಊಹೆಯೇ.

ಇದಕ್ಕೊಂದು ಮನೆಯ ದೃಷ್ಟಾಂತವನ್ನು ಹೇಳುತ್ತೇನೆ. ಒಂಬತ್ತನೆಯ ತರಗತಿಯಲ್ಲಿ ಓದುವ ನನ್ನ ತಮ್ಮನ ಮಗಳು ಒಂದು ರಾತ್ರಿ ತಾಯಿಯ ಫೋನಿನಲ್ಲಿ, 'ಮಳೆಗಾಲ' ಯಾವ ಸಂಧಿಯೆಂದು ಯಂತ್ರವನ್ನು ಕೇಳಿದಳು. ಲೋಪಸಂಧಿಯೆಂದಿತು. ಸರಿಯಾಗಿ ನೋಡೆಂದಳು. ಕ್ಷಮೆ ಕೇಳಿ, ಆಗಮಸಂಧಿಯೆಂದಿತು. ಅವಳು ನಗುತ್ತ ಫೋನನ್ನು ನನ್ನ ಬಳಿಗೆ ತಂದು, "ದೊಡ್ಡಪ್ಪ, ಇನ್ನೊಂದು ಸಲ ಗದರಿಸಿದರೆ ಆದೇಶಕ್ಕೆ ಬರುತ್ತೆ ನೋಡಿ" ಎಂದಳು. ಹಾಗೆಯೇ ಆಯಿತು! ಕಕಾರಕ್ಕೆ ಗಕಾರ ಬರುವುದನ್ನು ತರಗತಿಯಲ್ಲಿ ಕಲಿತಿದ್ದಳಾದ್ದರಿಂದ ಅವಳು ಮೋಸಹೋಗಲಿಲ್ಲ. ಯಂತ್ರದ ತಪ್ಪಿಗಿಂತ ನನ್ನ ಮನಸ್ಸಿಗೆ ನಾಟಿದ್ದು ಅದರ ಧಾಟಿ. ಮೂರು ಉತ್ತರಗಳನ್ನೂ ಅದು ಒಂದೇ ಧೈರ್ಯದಿಂದ ಹೇಳಿತು. ತಿಳಿಯದ ಉಪಾಧ್ಯಾಯನಾದರೆ ಕೊಂಚ ತಡವರಿಸುತ್ತಾನೆ. ಆ ತಡವರಿಕೆಯೇ ಮಗುವಿಗೆ ಎಚ್ಚರಿಕೆ.

ಹೀಗಿದ್ದ ಮೇಲೆ ಯಂತ್ರವನ್ನು ಶಾಲೆಯ ಬಾಗಿಲಿನಲ್ಲಿಯೇ ತಡೆಯಬೇಕೆ? ಹಾಗೆನ್ನುವವರು ಉಪಾಧ್ಯಾಯನ ದಿನಚರಿಯನ್ನೊಮ್ಮೆ ನೋಡಬೇಕು. ಹಾಜರಿ ಪುಸ್ತಕ, ದಾಖಲಾತಿ ಪುಸ್ತಕ, ವರ್ಗಾವಣೆ ಪತ್ರ, ವಿದ್ಯಾರ್ಥಿವೇತನದ ಅರ್ಜಿ, ಬಿಸಿಯೂಟದ ಅಕ್ಕಿಬೇಳೆಯ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಸಮವಸ್ತ್ರ ಪಠ್ಯಪುಸ್ತಕಗಳನ್ನು ಹಂಚಿದ ಪಟ್ಟಿ, ಇವೆಲ್ಲವೂ ಪಾಠ ಹೇಳುವ ಕೈಯಿಂದಲೇ ಆಗತಕ್ಕವು. ಗಣಕಯಂತ್ರ ಬಂದ ಮೇಲೆ ಈ ಹೊರೆ ಇಳಿಯುವುದೆಂದು ನಾವೆಲ್ಲ ನಂಬಿದ್ದೆವು. ಆದದ್ದೇನೆಂದರೆ, ಪುಸ್ತಕದಲ್ಲಿಯೂ ಬರೆಯಬೇಕು, ಗಣಕಯಂತ್ರದಲ್ಲಿಯೂ ತುಂಬಬೇಕು, ಅದೇ ಅಂಕಿಯನ್ನು ಫೋನಿನ ಗುಂಪಿಗೂ ಕಳುಹಿಸಬೇಕು. ಸಮಾಸಪ್ರಕರಣವನ್ನು ಅರ್ಧ ವಿವರಿಸಿರುವಾಗ ಜವಾನ ಬಾಗಿಲಲ್ಲಿ ನಿಂತು, "ಸಾರ್, ಮಧ್ಯಾಹ್ನದೊಳಗೆ ಪಟ್ಟಿ ಬೇಕಂತೆ" ಎಂದರೆ, ಬಹುವ್ರೀಹಿಯ ಗತಿ ಏನಾಗಬೇಕು? ಒಂದೇ ಮಗುವಿನ ಹೆಸರನ್ನು ಒಂದೇ ವರ್ಷದಲ್ಲಿ ಹತ್ತು ಕಡೆ ಬರೆಯುವ ಕೆಲಸದಲ್ಲಿ ವಿದ್ಯೆಯೂ ಇಲ್ಲ, ವಾತ್ಸಲ್ಯವೂ ಇಲ್ಲ. ಒಂದು ಸಲ ಬರೆದದ್ದನ್ನು ಬೇಕಾದ ಕಡೆಗೆಲ್ಲ ತಾನೇ ಮುಟ್ಟಿಸುವ ಯಂತ್ರ ಸಿಕ್ಕಿದರೆ, ಅದನ್ನು ಆರತಿಯೆತ್ತಿ ಕರೆದುಕೊಳ್ಳತಕ್ಕದ್ದೇ ಸರಿ.

ಹಾಗೆಂದು ಕಾಗದದ ಕೆಲಸವೆಲ್ಲ ಬರಿಯ ಹೊರೆಯೆಂದೂ ತಿಳಿಯಬಾರದು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮಗೊಬ್ಬ ವೃದ್ಧ ಮುಖ್ಯೋಪಾಧ್ಯಾಯರಿದ್ದರು. ಪ್ರತಿ ಶನಿವಾರ ಶಾಲೆ ಬಿಟ್ಟ ಬಳಿಕ ಎಲ್ಲ ತರಗತಿಗಳ ಹಾಜರಿ ಪುಸ್ತಕಗಳನ್ನೂ ತರಿಸಿಕೊಂಡು ಸಾಲು ಸಾಲಿನ ಮೇಲೆ ಬೆರಳಾಡಿಸುವುದು ಅವರ ಪದ್ಧತಿ. ಒಂದು ಸಲ ಒಬ್ಬ ಹುಡುಗನ ಸಾಲಿನಲ್ಲಿ ಬೆರಳು ನಿಂತಿತು. ಎರಡು ತಿಂಗಳಿನಲ್ಲಿ ಅವನು ಏಳು ದಿನ ಬಂದಿರಲಿಲ್ಲ, ಏಳೂ ಗುರುವಾರವೇ. ಗುರುವಾರವೆಂದರೆ ನಮ್ಮೂರ ಸಂತೆಯ ದಿನ. ಅವರು ಹುಡುಗನನ್ನು ಕರೆದು ಗದರಿಸಲಿಲ್ಲ. ಮುಂದಿನ ಗುರುವಾರ ಚೀಲ ಹಿಡಿದು ತಾವೇ ಸಂತೆಗೆ ಹೋದರು. ಗಂಡನನ್ನು ಕಳೆದುಕೊಂಡಿದ್ದ ಹೆಂಗಸೊಬ್ಬಳು ಅಲ್ಲಿ ತರಕಾರಿ ಮಾರುತ್ತಿದ್ದಳು. ಮೂಟೆ ಇಳಿಸುವುದಕ್ಕೂ ತಕ್ಕಡಿ ಹಿಡಿಯುವುದಕ್ಕೂ ಮಗನೇ ದಿಕ್ಕು. ನಮ್ಮ ಯಜಮಾನರು ಆಕೆಯಿಂದ ಬದನೆಕಾಯಿ ಕೊಂಡು, "ತಾಯಿ, ಮೂಟೆ ಇಳಿಸಿಕೊಟ್ಟು ಹನ್ನೊಂದೂವರೆಗೆ ಬರಲಿ. ತಪ್ಪಿದ ಪಾಠ ಸಂಜೆ ನಾನು ಹೇಳಿಕೊಡುತ್ತೇನೆ" ಎಂದರು. ಆ ಹುಡುಗ ಹತ್ತನೆಯ ತರಗತಿಯನ್ನು ಮುಗಿಸಿಯೇ ಹೊರಗೆ ಹೋದನು.

ಇಲ್ಲಿ ಎರಡು ಕೆಲಸಗಳು ನಡೆದಿವೆಯೆಂಬುದನ್ನು ವಾಚಕರು ಗಮನಿಸಬೇಕು. ಹಾಜರಿಯ ಸಾಲಿನಲ್ಲಿ ಗುರುವಾರವನ್ನು ಕಂಡದ್ದು ಒಂದು. ಸಂತೆಗೆ ಹೋದದ್ದು ಇನ್ನೊಂದು. ಮುನ್ನೂರು ಮಕ್ಕಳ ಶಾಲೆಯಲ್ಲಿ ಎರಡನ್ನೂ ಒಬ್ಬರೇ ಮಾಡಿಯಾರು. ಮೂವತ್ತು ಸಾವಿರ ವಿದ್ಯಾರ್ಥಿಗಳಿರುವಲ್ಲಿ ಮೊದಲನೆಯದನ್ನು ಯಾವ ಕಣ್ಣು ಮಾಡೀತು?

ಇದನ್ನು ಯಂತ್ರದಿಂದ ಮಾಡಿಸಿದ ವಿದ್ಯಾಸಂಸ್ಥೆಗಳಲ್ಲಿ ಪ್ರಸಿದ್ಧವಾದುದು, ಅಮೆರಿಕಾ ಸಂಯುಕ್ತ ಸಂಸ್ಥಾನದ ಅಟ್ಲಾಂಟಾ ನಗರದಲ್ಲಿರುವ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾನಿಲಯ. ಆ ಊರಿಗೆ ಓದಲು ಹೋಗಿದ್ದ ನನ್ನ ಹಳೆಯ ಶಿಷ್ಯನೊಬ್ಬನು ರಜೆಯಲ್ಲಿ ಬಂದಾಗ ಇದರ ಸಂಗತಿಯನ್ನು ಹೇಳಿದನು. ಅನಂತರ ನಾನೇ ವರದಿಗಳನ್ನು ಓದಿ ತಿಳಿದುಕೊಂಡೆನು. ಅಲ್ಲಿಯ ವಿದ್ಯಾರ್ಥಿಗಳಲ್ಲಿ ಅನೇಕರು ಬಡವರು; ಅನೇಕರ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ಅವರೇ ಮೊದಲಿಗರು. ಅವರಿಗೆ ಪ್ರವೇಶ ಸಿಕ್ಕುವುದಕ್ಕೂ ತರಗತಿಗಳು ಆರಂಭವಾಗುವುದಕ್ಕೂ ನಡುವೆ ಒಂದು ಬೇಸಗೆ ಇರುತ್ತದೆ. ಬರುತ್ತೇವೆಂದು ಒಪ್ಪಿಕೊಂಡವರಲ್ಲಿ ಎಷ್ಟೋ ಜನ ಆ ಬೇಸಗೆಯಲ್ಲಿಯೇ ಮಂಜಿನ ಹಾಗೆ ಕರಗಿಹೋಗುತ್ತಿದ್ದರು. ಕಾರಣ ಬುದ್ಧಿಯ ಕೊರತೆಯಲ್ಲ. ಧನಸಹಾಯದ ಅರ್ಜಿಯ ಒಂದು ಅಂಕಣ ತಿಳಿಯದು. ಲಸಿಕೆಯ ಪ್ರಮಾಣಪತ್ರವನ್ನು ಎಲ್ಲಿಗೆ ಕಳುಹಿಸಬೇಕೋ ತಿಳಿಯದು. ಶುಲ್ಕದ ಕಡೆಯ ದಿನ ತಿಳಿಯದು. ಮನೆಯಲ್ಲಿ ಕೇಳುವುದಕ್ಕೆ ಬಲ್ಲವರಿಲ್ಲ. ಕಚೇರಿಯ ಬಾಗಿಲು ಸಂಜೆಗೇ ಮುಚ್ಚುತ್ತದೆ.

೨೦೧೬ರಲ್ಲಿ ಆ ವಿಶ್ವವಿದ್ಯಾನಿಲಯದವರು ಪೌನ್ಸ್ ಎಂಬ ಹೆಸರಿನ ಒಂದು ಉತ್ತರಯಂತ್ರವನ್ನು ನಿಯಮಿಸಿದರು. ವಿದ್ಯಾರ್ಥಿಯು ಫೋನಿನಿಂದ ಒಂದು ಸಾಲು ಬರೆದು ಕೇಳಿದರೆ ಸಾಕು, ಹಗಲಿರುಳೆನ್ನದೆ ಅದು ಉತ್ತರ ಕೊಡುತ್ತಿದ್ದಿತು. ಕಡೆಯ ದಿನಗಳು ಹತ್ತಿರವಾದಾಗ ತಾನಾಗಿಯೇ ನೆನಪು ಮಾಡುತ್ತಿದ್ದಿತು. ತನಗೆ ತಿಳಿಯದ ಪ್ರಶ್ನೆಯನ್ನು ಕಚೇರಿಯ ಸಿಬ್ಬಂದಿಗೆ ಒಪ್ಪಿಸುತ್ತಿದ್ದಿತು. ಆ ಒಂದು ಬೇಸಗೆಯಲ್ಲಿ ಅದು ಎರಡು ಲಕ್ಷಕ್ಕೂ ಹೆಚ್ಚು ಪ್ರಶ್ನೆಗಳಿಗೆ ಉತ್ತರ ಹೇಳಿತು. ಲಿಂಡ್ಸೆ ಪೇಜ್, ಹಂಟರ್ ಗೆಲ್‌ಬಾಕ್ ಎಂಬ ವಿದ್ವಾಂಸರು, ಯಂತ್ರದ ನೆರವು ಪಡೆದವರನ್ನೂ ಪಡೆಯದವರನ್ನೂ ಹೋಲಿಸಿ ಪರೀಕ್ಷಿಸಿ ೨೦೧೭ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಅಲ್ಲಿಗೇ ಬರುವುದೆಂದು ನಿಶ್ಚಯಿಸಿದ್ದವರಲ್ಲಿ, ನೆರವು ಪಡೆದವರ ಪೈಕಿ ತರಗತಿಗೆ ಬಂದು ಸೇರಿದವರು ನೂರಕ್ಕೆ ೩.೩ರಷ್ಟು ಹೆಚ್ಚಾಗಿದ್ದರು, ಕರಗಿಹೋಗುತ್ತಿದ್ದವರಲ್ಲಿ ಸುಮಾರು ಐದನೆಯ ಒಂದು ಪಾಲು ಉಳಿದುಕೊಂಡಿತು. ಕೇಳುವುದಕ್ಕೆ ಅಂಕಿ ಸಣ್ಣದು. ಉಳಿದವರ ಮನೆಗಳನ್ನು ನೆನೆದರೆ ದೊಡ್ಡದು. ನನಗಂತೂ ಇದರಲ್ಲಿ ಆಶ್ಚರ್ಯವಿಲ್ಲ. ಮೂವತ್ತೈದು ವರ್ಷವೂ ನಾನು ಕಂಡದ್ದು, ಗೊತ್ತಿಲ್ಲದ ಹುಡುಗನಿಗಿಂತ ಕೇಳಲು ನಾಚುವ ಹುಡುಗನೇ ಹೆಚ್ಚು ಹಿಂದುಳಿಯುತ್ತಾನೆ. ಒಂದೇ ಪ್ರಶ್ನೆಯನ್ನು ನಾಲ್ಕನೆಯ ಸಲ, ಅದೂ ಸರಿರಾತ್ರಿಯಲ್ಲಿ ಕೇಳಿದರೂ ಹುಬ್ಬು ಗಂಟಿಕ್ಕದ ಸೇವಕನು ಅಂಥವನಿಗೆ ದೊಡ್ಡ ಉಪಕಾರಿ.

ಅದೇ ವಿಶ್ವವಿದ್ಯಾನಿಲಯವು ೨೦೧೨ರಿಂದ ಇನ್ನೊಂದು ವ್ಯವಸ್ಥೆಯನ್ನೂ ನಡೆಸುತ್ತ ಬಂದಿದೆ. ಪ್ರತಿಯೊಬ್ಬ ವಿದ್ಯಾರ್ಥಿಯ ಅಂಕಗಳನ್ನೂ ಆರಿಸಿಕೊಂಡ ವಿಷಯಗಳನ್ನೂ ಯಂತ್ರವು ದಿನದಿನವೂ ಪರಿಶೀಲಿಸಿ, ಸುಮಾರು ಎಂಟು ನೂರು ಬಗೆಯ ಅಪಾಯದ ಗುರುತುಗಳಲ್ಲಿ ಯಾವುದಾದರೂ ಕಂಡರೆ ಎಚ್ಚರಿಸುತ್ತದೆ. ನಮ್ಮ ಯಜಮಾನರ ಬೆರಳು ಗುರುವಾರದ ಮೇಲೆ ನಿಂತದ್ದು ಇಂಥದೇ ಒಂದು ಗುರುತು. ಹಾಗಾದರೆ ಅಲ್ಲಿ ಸಂತೆಗೆ ಹೋಗುವವರು ಯಾರು? ಈ ಭಾಗವನ್ನು ಯಂತ್ರವನ್ನು ಹೊಗಳುವವರು ಹೇಳುವುದೇ ಇಲ್ಲ. ಯಂತ್ರ ಬಂದಿತೆಂದು ಅಲ್ಲಿ ಸಲಹೆಗಾರರನ್ನು ಕಡಮೆ ಮಾಡಲಿಲ್ಲ. ಹೊಸದಾಗಿ ೪೨ ಮಂದಿಯನ್ನು ನೇಮಿಸಿದರು. ಎಚ್ಚರಿಕೆ ಬಂದ ವಿದ್ಯಾರ್ಥಿಯನ್ನು ಕರೆದು ಕೂರಿಸಿಕೊಂಡು ಮಾತನಾಡುವುದು ಅವರ ಕೆಲಸ. ಅಲ್ಪಸ್ವಲ್ಪ ಶುಲ್ಕ ಬಾಕಿಯಾಗಿ ಓದು ನಿಲ್ಲುವಂತಿದ್ದವರಿಗೆ ಸಣ್ಣ ಮೊತ್ತದ ಸಹಾಯವನ್ನೂ ಕೊಟ್ಟರು. ೨೦೦೩ರಲ್ಲಿ ಅಲ್ಲಿ ಆರು ವರ್ಷದೊಳಗೆ ಪದವಿ ಪಡೆಯುತ್ತಿದ್ದವರು ನೂರಕ್ಕೆ ೩೨. ಹದಿನೈದು ವರ್ಷ ತುಂಬುವುದರೊಳಗೆ ಅದು ೫೪ಕ್ಕೆ ಏರಿತು. ಇದು ಅನೇಕ ಕ್ರಮಗಳ ಒಟ್ಟು ಫಲ. ಯಂತ್ರವೊಂದಕ್ಕೇ ಆ ಕೀರ್ತಿಯನ್ನು ಕಟ್ಟಿದರೆ, ದೀಪಕ್ಕೆ ಎಣ್ಣೆಯನ್ನು ಮರೆತು ಬತ್ತಿಯನ್ನು ಹೊಗಳಿದಂತಾಗುತ್ತದೆ.

ಗುರುತಿಸುವ ಕಣ್ಣು ಎಷ್ಟೇ ಚುರುಕಾಗಿದ್ದರೂ, ಗುರುತಿಸಿದ ಬಳಿಕ ಏನು ಮಾಡಬೇಕೆಂಬುದನ್ನು ಅದು ಹೇಳಲಾರದು. ಅದೇ ದೇಶದ ಮೇರಿಲ್ಯಾಂಡ್ ಪ್ರಾಂತದಲ್ಲಿ ಮೌಂಟ್ ಸೇಂಟ್ ಮೇರೀಸ್ ಎಂಬ ವಿಶ್ವವಿದ್ಯಾನಿಲಯವುಂಟು. ಅಲ್ಲಿಯ ಅಧ್ಯಕ್ಷರು ೨೦೧೫ರಲ್ಲಿ ಹೊಸ ವಿದ್ಯಾರ್ಥಿಗಳಿಗೆಲ್ಲ ಒಂದು ಪ್ರಶ್ನಾವಳಿಯನ್ನು ಕೊಡಿಸಿದರು. ಅದರ ನೆರವಿನಿಂದ ಓದನ್ನು ಬಿಡುವಂತಿರುವವರನ್ನು ಗುರುತಿಸಿ, ಮೊದಲ ಕೆಲವು ವಾರಗಳಲ್ಲಿಯೇ ಇಪ್ಪತ್ತು ಇಪ್ಪತ್ತೈದು ಮಂದಿಯನ್ನು ಸಾಗಹಾಕಿಬಿಟ್ಟರೆ, ವರ್ಷದ ಕೊನೆಯ ಲೆಕ್ಕದಲ್ಲಿ ಉಳಿದವರ ಪ್ರಮಾಣ ಹೆಚ್ಚಾಗಿ ಕಾಣುವುದೆಂಬುದು ಅವರ ಯೋಜನೆ! ಅಧ್ಯಾಪಕರ ವಿರೋಧದಿಂದ ಅದು ನೆರವೇರಲಿಲ್ಲ. ೨೦೧೬ರ ಆರಂಭದಲ್ಲಿ ವಿದ್ಯಾರ್ಥಿಗಳ ಪತ್ರಿಕೆಯೇ ಸಂಗತಿಯನ್ನು ಹೊರಗೆಡಹಿತು. ಅಧ್ಯಕ್ಷರು ರಾಜೀನಾಮೆ ಕೊಟ್ಟು ಹೋದರು. ಅಲ್ಲಿ ಯಂತ್ರಬುದ್ಧಿ ಇರಲಿಲ್ಲ, ಬರಿಯ ಪ್ರಶ್ನಾವಳಿ. ಆದರೆ ಪಾಠ ಒಂದೇ. ಅಟ್ಲಾಂಟಾದಲ್ಲಿ ಯಾವ ಬಗೆಯ ಪಟ್ಟಿಯಿಂದ ಮಕ್ಕಳನ್ನು ಉಳಿಸಿಕೊಂಡರೋ ಅದೇ ಬಗೆಯ ಪಟ್ಟಿಯಿಂದ ಇಲ್ಲಿ ಮಕ್ಕಳನ್ನು ಹೊರಗಟ್ಟಲು ನೋಡಿದರು.

ಯಂತ್ರಕ್ಕೆ ನೆರವಿನ ಕೆಲಸದ ಬದಲು ತೀರ್ಪಿನ ಅಧಿಕಾರವನ್ನೇ ಕೊಟ್ಟರೆ ಏನಾಗುವುದೆಂಬುದನ್ನು ಇಂಗ್ಲೆಂಡ್ ದೇಶ ೨೦೨೦ರಲ್ಲಿ ಅನುಭವಿಸಿತು. ಆ ವರ್ಷ ಕೊರೋನಾ ರೋಗದಿಂದಾಗಿ ಎ-ಲೆವೆಲ್ ಪರೀಕ್ಷೆಗಳು ನಡೆಯಲಿಲ್ಲ. ಉಪಾಧ್ಯಾಯರು ತಮ್ಮ ವಿದ್ಯಾರ್ಥಿಗಳ ದರ್ಜೆಗಳನ್ನೂ ಯೋಗ್ಯತೆಯ ಅನುಕ್ರಮವನ್ನೂ ಬರೆದುಕೊಟ್ಟರು. ಪರೀಕ್ಷಾ ನಿಯಂತ್ರಣದ ಆಫ್‌ಕ್ವಾಲ್ ಎಂಬ ಸಂಸ್ಥೆಯು, ಆ ಅನುಕ್ರಮಕ್ಕೆ ಅದೇ ಶಾಲೆಯ ಹಿಂದಿನ ವರ್ಷಗಳ ಫಲಿತಾಂಶವನ್ನು ಅಳವಡಿಸಿ ಗಣಿತದ ಒಂದು ಸೂತ್ರದಿಂದ ದರ್ಜೆಗಳನ್ನು ಹಂಚಿತು. ಆಗಸ್ಟ್ ೧೩ರಂದು ಫಲಿತಾಂಶ ಬಂದಾಗ, ನೂರರಲ್ಲಿ ಸುಮಾರು ೩೯ ದರ್ಜೆಗಳು ಉಪಾಧ್ಯಾಯರು ಕೊಟ್ಟುದಕ್ಕಿಂತ ಕೆಳಗಿಳಿದಿದ್ದುವು. ಹಿಂದೆ ಒಳ್ಳೆಯ ಫಲಿತಾಂಶ ಬಾರದಿದ್ದ ಶಾಲೆಯಲ್ಲಿ ಈ ಸಲ ಒಬ್ಬ ಮೇಧಾವಿ ಹುಟ್ಟಿದ್ದರೆ, ಅವನನ್ನು ಕಾಣುವ ಕಣ್ಣು ಆ ಸೂತ್ರಕ್ಕೆ ಇರಲಿಲ್ಲ. ನಮ್ಮ ಶಾಸ್ತ್ರಕಾರರು ಸ್ಥಾಲೀಪುಲಾಕ ನ್ಯಾಯವನ್ನು ಹೇಳುತ್ತಾರೆ: ಒಂದು ಅಗುಳನ್ನು ಹಿಸುಕಿ ನೋಡಿ ಪಾತ್ರೆಯ ಅನ್ನವೆಲ್ಲ ಬೆಂದಿದೆಯೆಂದು ತಿಳಿಯುವುದು. ಅಲ್ಲಿ ನಡೆದದ್ದು ಅದರ ವಿಪರ್ಯಾಸ; ಹೋದ ವರ್ಷದ ಪಾತ್ರೆಯನ್ನು ನೋಡಿ ಈ ವರ್ಷದ ಅಗುಳು ಬೆಂದಿಲ್ಲವೆಂದು ತೀರ್ಮಾನಿಸಿದರು. ಮಕ್ಕಳು ಬೀದಿಗಿಳಿದರು. ನಾಲ್ಕೇ ದಿನದಲ್ಲಿ, ಆಗಸ್ಟ್ ೧೭ರಂದು, ಸೂತ್ರವನ್ನು ಬದಿಗಿಟ್ಟು ಉಪಾಧ್ಯಾಯರ ದರ್ಜೆಗೇ ಮನ್ನಣೆ ಕೊಡಬೇಕಾಯಿತು.

ನಮ್ಮ ನಾಡಿನಲ್ಲಿಯೂ ಈ ಕಾಲ ಆರಂಭವಾಗಿದೆ. ಮೈಕ್ರೋಸಾಫ್ಟ್ ಕಂಪನಿಯ ಬೆಂಗಳೂರಿನ ಸಂಶೋಧನಾಲಯವೂ ಶಿಕ್ಷಣ ಫೌಂಡೇಷನ್ ಎಂಬ ಸಂಸ್ಥೆಯೂ ಕೂಡಿ, 'ಶಿಕ್ಷಾ ಕೋಪೈಲಟ್' ಎಂಬ ಸಾಧನವನ್ನು ೨೦೨೩ರಲ್ಲಿ ಕರ್ಣಾಟಕದ ಕೆಲವು ಸರ್ಕಾರಿ ಶಾಲೆಗಳಲ್ಲಿ ಪ್ರಯೋಗಕ್ಕೆ ತಂದುವು. ಪಠ್ಯಪುಸ್ತಕವನ್ನು ಆಧರಿಸಿ ಪಾಠಯೋಜನೆಯ ಕರಡನ್ನು ಅದು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಸಿದ್ಧಪಡಿಸಿ ಕೊಡುತ್ತದೆ. ಉಪಾಧ್ಯಾಯನು ಅದನ್ನು ತಿದ್ದಿ ತನ್ನ ತರಗತಿಗೆ ಹೊಂದಿಸಿಕೊಳ್ಳಬೇಕು. ಕರಡು ಯಂತ್ರದ್ದು, ತಿದ್ದುಪಡಿ ಉಪಾಧ್ಯಾಯನದು ಎಂಬ ಈ ಏರ್ಪಾಡು ನನಗೆ ಸರಿಯೆಂದು ತೋರುತ್ತದೆ. ನದಿಯ ಪಾಠಕ್ಕೆ ಯಂತ್ರವು ಯಾವುದೋ ಮಹಾನದಿಯ ಉದಾಹರಣೆ ಕೊಟ್ಟರೆ, ಅದನ್ನು ಹೊಡೆದುಹಾಕಿ ಊರ ಹಿಂದಿನ ಹಳ್ಳವನ್ನು ಬರೆಯಬಲ್ಲವನು ಆ ಊರಿನ ಮೇಷ್ಟ್ರು ಮಾತ್ರ.

ಈಗ ಗೃಹಸ್ಥರು ಮಾಡಬೇಕಾದುದೇನು? ನಿಮ್ಮ ಮಕ್ಕಳು ಓದುವ ಶಾಲೆಯವರು ಯಂತ್ರಬುದ್ಧಿಯನ್ನು ತಂದಿದ್ದೇವೆಂದು ಹೆಮ್ಮೆಯಿಂದ ಹೇಳಿದಾಗ, ವಿನಯದಿಂದ ನಾಲ್ಕು ಪ್ರಶ್ನೆಗಳನ್ನು ಕೇಳಿ. ಯಂತ್ರಕ್ಕೆ ಉತ್ತರ ತಿಳಿಯದಿದ್ದಾಗ ನನ್ನ ಮಗು ಯಾರ ಬಳಿಗೆ ಹೋಗಬೇಕು? ಇದು ಮೊದಲನೆಯದು. ಅಂಕ, ತೇ‌ರ್ಗಡೆ, ಶಿಕ್ಷೆ ಇವುಗಳನ್ನು ಕೊನೆಗೆ ನಿರ್ಣಯಿಸುವವರು ಯಾರು, ತಪ್ಪೆಂದು ತೋರಿದರೆ ಯಾರೆದುರು ಹೇಳಿಕೊಳ್ಳಬಹುದು? ಇದು ಎರಡನೆಯದು. ಮಗುವಿನ ಹೆಸರು, ಮುಖಚಿತ್ರ, ಅಂಕಗಳು ಯಾರ ಕೈಗೆ ಹೋಗುತ್ತವೆ? ಇದು ಮೂರನೆಯದು. ೨೦೨೩ರಲ್ಲಿ ಅಂಗೀಕೃತವಾದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಹದಿನೆಂಟು ವರ್ಷ ತುಂಬದವರನ್ನೆಲ್ಲ ಮಕ್ಕಳೆಂದು ಎಣಿಸಿ, ಅವರ ವಿವರಗಳನ್ನು ಬಳಸುವುದಕ್ಕೆ ತಂದೆತಾಯಿಗಳ ಸಮ್ಮತಿ ಬೇಕೆಂಬ ತತ್ತ್ವವನ್ನು ಮುಂದಿಟ್ಟಿದೆ. ಆದುದರಿಂದ ಈ ಪ್ರಶ್ನೆಯನ್ನು ಕೇಳಲು ಯಾರೂ ಅಳುಕಬೇಕಾದುದಿಲ್ಲ.

ನಾಲ್ಕನೆಯ ಪ್ರಶ್ನೆಯೇ ಮುಖ್ಯವಾದುದು: ಯಂತ್ರದಿಂದ ಉಳಿದ ಕಾಲ ಯಾರಿಗೆ ಸಲ್ಲುತ್ತದೆ? ಒಬ್ಬ ಉಪಾಧ್ಯಾಯನಿಗೆ ದಿನಕ್ಕೊಂದು ಗಂಟೆ ಉಳಿಯಿತೆಂದು ಇಟ್ಟುಕೊಳ್ಳೋಣ. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯ ಪ್ರಕಾರ ಆರರಿಂದ ಎಂಟನೆಯ ತರಗತಿಯವರೆಗೆ ವರ್ಷಕ್ಕೆ ೨೨೦ ದಿನ ಶಾಲೆ ನಡೆಯಬೇಕು. ಅಲ್ಲಿಗೆ ೨೨೦ ಗಂಟೆಗಳಾದುವು. ತರಗತಿಯಲ್ಲಿ ನಲವತ್ತು ಮಕ್ಕಳಿದ್ದರೆ ಒಂದೊಂದು ಮಗುವಿಗೂ ಐದೂವರೆ ಗಂಟೆ. ಒಬ್ಬ ಉಪಾಧ್ಯಾಯನು ಒಂದು ಮಗುವಿನ ಪಕ್ಕದಲ್ಲಿ ವರ್ಷಕ್ಕೆ ಐದೂವರೆ ಗಂಟೆ ಕುಳಿತು, ಅದರ ಬರವಣಿಗೆ ತಿದ್ದಿ, ಅದರ ಮಾತು ಕೇಳಿ, ಬೇಕಾದರೆ ಅದರ ಮನೆಗೂ ಹೋಗಿಬಂದನೆಂದರೆ, ಆ ಮಗು ಶಾಲೆ ಬಿಡುವ ಮಾತೆಲ್ಲಿಯದು? ಆದರೆ ಆ ಗಂಟೆಗಳನ್ನು ಇನ್ನಷ್ಟು ಪಟ್ಟಿ ತುಂಬಲು ಬಳಸಿಕೊಂಡರೂ ಆಯಿತು. ಮೂವರು ಉಪಾಧ್ಯಾಯರ ಕೆಲಸಕ್ಕೆ ಇನ್ನು ಇಬ್ಬರೇ ಸಾಕೆಂದು ಲೆಕ್ಕ ಹಾಕಿದರೂ ಆಯಿತು. ಆಗಲೂ ಯಂತ್ರ ಅದೇ, ಖರ್ಚೂ ಅದೇ. ಮಗುವಿನ ಪಾಲಿಗೆ ಮಾತ್ರ ಸೊನ್ನೆ.

ಇದನ್ನು ಯಂತ್ರವು ನಿರ್ಣಯಿಸುವುದಿಲ್ಲ. ಶಾಲೆಯನ್ನು ನಡೆಸುವವರು ನಿರ್ಣಯಿಸುತ್ತಾರೆ. ಅವರನ್ನು ಕೇಳತಕ್ಕವರು ಮಕ್ಕಳನ್ನು ಕಳುಹಿಸುವ ನಾವು. ಯಂತ್ರ ಬೇಕೋ ಬೇಡವೋ ಎಂದು ಜಗಲಿಯಲ್ಲಿ ವಾದಿಸುವುದನ್ನು ಬಿಟ್ಟು, ಉಳಿದ ಗಂಟೆಯ ಲೆಕ್ಕವನ್ನು ಕೇಳುವುದಕ್ಕೆ ನಾವು ಮೊದಲು ಮಾಡಬೇಕು. ಬರುವ ಪೋಷಕರ ಸಭೆಯಿಂದಲೇ ಅದು ಆರಂಭವಾಗಲಿ.